ಸಬ್ಜೆಕ್ಟ್ ಟೆಸ್ಟ್ ಹೋಯಿತು, ಹೊರೆ ಇಳಿಯಿತಾ?

ಸ್ಯಾಟ್ ಸಬ್ಜೆಕ್ಟ್ ಟೆಸ್ಟ್ (ಕಾಲೇಜು ಪ್ರವೇಶಕ್ಕೆ ಒಂದೊಂದು ವಿಷಯಕ್ಕೂ ಬೇರೆಬೇರೆಯಾಗಿ ಇದ್ದ ಪರೀಕ್ಷೆ) ನಿಂತಿದ್ದರಿಂದ ಅಮೆರಿಕದ ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳ ಹೊರೆ ಇಳಿಯಿತು ಅಂತ ಒಂದು ಲೇಖನದಲ್ಲಿ ಓದಿದೆ. ನನಗೇನೋ ಹಾಗೆ ಅನಿಸುವುದಿಲ್ಲ. 2021ರ ಜನವರಿಯಲ್ಲಿ ಅದನ್ನು ನಡೆಸುತ್ತಿದ್ದ ಕಾಲೇಜ್ ಬೋರ್ಡ್ ಕೈಬಿಟ್ಟಾಗ, ಎಪಿ ಪರೀಕ್ಷೆ (ಕಾಲೇಜು ಮಟ್ಟದ ಪಾಠಗಳ ಮೇಲೆ ಶಾಲೆಯ ಮಕ್ಕಳು ಬರೆಯುವುದು) ಇದೆಯಲ್ಲ ಅಂದಿತು. ಎರಡೂ ಒಂದೇನಾ? ಸಬ್ಜೆಕ್ಟ್ ಟೆಸ್ಟ್ ಒಂದು ಗಂಟೆಯದು, ವರ್ಷದಲ್ಲಿ ಹಲವು ಸಲ ನಡೆಯುತ್ತಿತ್ತು, ಮನೆಯಲ್ಲೇ ಓದಿಕೊಂಡು ಹೋಗಿ ಬರೆಯಬಹುದಿತ್ತು. ಎಪಿ ನಡೆಯುವುದು ಮೇ ತಿಂಗಳಲ್ಲಿ ಮಾತ್ರ. ಕೊನೆಯ ವರ್ಷ ಬರೆದರೆ ಅಂಕ ಬರುವುದು ಜುಲೈನಲ್ಲಿ. ಅಷ್ಟರಲ್ಲಿ ಕಾಲೇಜಿನವರ ತೀರ್ಮಾನ ಆಗಿಯೇ ಹೋಗಿರುತ್ತದೆ! ಅಂದರೆ 11ನೇ ತರಗತಿಯೊಳಗೇ ಮುಗಿಸಬೇಕು. ಎಪಿ ಪಾಠವೇ ಇಲ್ಲದ ಶಾಲೆಯ ಮಕ್ಕಳು ಏನು ಮಾಡಬೇಕು? ಇಲ್ಲಿಂದ ಅರ್ಜಿ ಹಾಕುವ ನಮ್ಮ ಪಿಯು ಮಕ್ಕಳ ಕಥೆಯೂ ಅದೇ.

ಹಳೆಯದರಲ್ಲಿ ಹುಳುಕು ಇರಲಿಲ್ಲ ಅಂತಲ್ಲ. ಸಬ್ಜೆಕ್ಟ್ ಟೆಸ್ಟ್‌ಗಳಲ್ಲೊಂದಾದ ಮ್ಯಾಥ್ಸ್ ಲೆವೆಲ್ 2ರಲ್ಲಿ ಪೂರ್ತಿ 800 ತೆಗೆಯುವವರು ಎಷ್ಟು ಜಾಸ್ತಿ ಇದ್ದರೆಂದರೆ, ಆ ಅಂಕ ತೋರಿಸಿ ಎದ್ದು ಕಾಣುವುದೇ ಕಷ್ಟವಾಗಿತ್ತು. ಆದರೂ ಅಂಕವೇ ಬೇಡ ಅನ್ನೋಕಾಗದು: 2022ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸಾಮಾನ್ಯ ಸ್ಯಾಟ್ (ಸಬ್ಜೆಕ್ಟ್ ಟೆಸ್ಟ್ ಅಲ್ಲ) ಇಲ್ಲವೇ ಅದರಂಥದೇ ಎಸಿಟಿ ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು. ಅನುಕೂಲ ಕಡಿಮೆ ಇರುವ ಶಾಲೆಗಳ ಜಾಣ ಮಕ್ಕಳನ್ನು ಗುರುತಿಸೋಕೆ ಅಂಕ ಬೇಕು ಅನ್ನುವುದು ಅವರ ವಾದ. ಸರಿಯಾಗೇ ಇದೆ. ಅಂಕ ತೆಗೆದರೆ ಉಳಿಯುವುದು ಪ್ರಬಂಧ, ಶಿಫಾರಸು ಪತ್ರ. ದುಡ್ಡಿದ್ದವರಿಗೆ ಪ್ರಬಂಧ ತಿದ್ದಿ ಕೊಡೋಕೆ ಜನ ಸಿಗುತ್ತಾರೆ, ಅಲ್ವಾ?