ಚುನಾವಣೆ ಮುಗಿಯಿತು, ಕೋವಿ ಮನೆಗೆ ಬಂತು

ಪ್ರತಿ ಚುನಾವಣೆಗೂ ನಮ್ಮ ಮನೆಯ ಕೋವಿ ಪೊಲೀಸ್ ಠಾಣೆಗೆ ಹೋಗಿ ಬರುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಹಳೆಯ ಜೋಡುನಳಿಗೆ. ಈ ಸಲ ತಂದವನೇ ಎಣ್ಣೆ ಸವರುತ್ತ ಕುಳಿತಿದ್ದೆ. "ಹೊಡೆಯುವುದಿಲ್ಲ ಎಂದ ಮೇಲೆ ಅದಕ್ಕೇಕೆ ಇಷ್ಟು ಉಪಚಾರ?" ಎಂದಳು ಹೆಂಡತಿ.

ನನಗೆ ಶಿಕಾರಿಯ ಹುಚ್ಚು. ಇತ್ತು ಎನ್ನುವುದಿಲ್ಲ, ಈಗಲೂ ಇದೆ. ತೀರ್ಥಹಳ್ಳಿ ಸೀಮೆಯ ನಮ್ಮೂರಿನಲ್ಲಿ ಹದಿನಾಲ್ಕನೇ ವಯಸ್ಸಿಗೇ ಸೋವಿಗೆ, ಅಂದರೆ ಗುಂಪು ಕಟ್ಟಿ ಪ್ರಾಣಿಯನ್ನು ಅಟ್ಟಿ ಹೊಡೆಯುವ ಬೇಟೆಗೆ, ಹೋದವನು ನಾನು. ಚಿಟಿಕೆ ಬೂದಿ ಹಾರಿಸಿ ಗಾಳಿಯ ದಿಕ್ಕು ನೋಡುವುದು, ಗೊರಸಿನ ಗುರುತಿನಲ್ಲಿ ನೀರು ನಿಂತಿದೆಯೇ ಎಂದು ನೋಡಿ ಹಂದಿ ಮಳೆಗೆ ಮೊದಲು ಹೋಯಿತೋ ಆಮೇಲೋ ಎಂದು ಹೇಳುವುದು, ಇವನ್ನೆಲ್ಲ ಯಾವ ಶಾಲೆಯೂ ಕಲಿಸಲಿಲ್ಲ. ಈಡು ತಗುಲಿಸಿದವನಿಗೆ ಹೆಚ್ಚಿನ ಪಾಲು, ನಾಯಿಗೂ ಒಂದು ಪಾಲು.

1972ರಲ್ಲಿ ವನ್ಯಜೀವಿ ಕಾಯಿದೆ ಬಂದಾಗ ಊರಿನ ಹಿರಿಯರು ನಕ್ಕಿದ್ದರು. 1991ರ ತಿದ್ದುಪಡಿ ಬೇಟೆಯ ಪರವಾನಗಿಯ ಬಾಗಿಲನ್ನೇ ಮುಚ್ಚಿತು. ನಾನು ನಿಲ್ಲಿಸಿದೆ. ಜ್ಞಾನೋದಯವೇನೂ ಆಗಲಿಲ್ಲ, ಜೈಲಿಗೆ ಹೆದರಿದೆ ಅಷ್ಟೇ.

ಈಗ ನನ್ನ ಹಳೆಯ ಜೊತೆಗಾರರು "ಕಾಡು ಉಳಿದದ್ದೇ ಬೇಟೆಗಾರರಿಂದ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಯುತ್ತಾರೆ. ಅಮೆರಿಕದ ಉದಾಹರಣೆ ಕೊಡುತ್ತಾರೆ. ನಿಜ, ಅಲ್ಲಿ 1937ರಿಂದಲೂ ಕೋವಿ, ತೋಟಾಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳ ಪಾಲನೆಗೆ ಸಲ್ಲುತ್ತದೆ. ಬೇಟೆಗೊಂದು ಋತು, ಇಷ್ಟೇ ಹೊಡೆಯಬೇಕೆಂಬ ಮಿತಿ ಇದೆ. ನಮ್ಮ ಸೋವಿನಲ್ಲಿ ಯಾರು ಲೆಕ್ಕ ಇಟ್ಟಿದ್ದರು ಸ್ವಾಮಿ? ಒಮ್ಮೆ ಕಾಡುಕುರಿಯ (ಹೆಸರು ಕುರಿ, ಆದರೆ ಬೊಗಳುವ ಸಣ್ಣ ಜಿಂಕೆ ಅದು) ಹೊಟ್ಟೆ ಸೀಳಿದಾಗ ಒಳಗೆ ಮರಿ ಇತ್ತು. ಯಾರೂ ಮಾತನಾಡಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋದೆವು.

ಹಂದಿ ನನ್ನ ಗದ್ದೆಯನ್ನೂ ಉತ್ತು ಹಾಕುತ್ತದೆ, ಬೈಯುತ್ತೇನೆ. ಆದರೂ ನಿಷೇಧ ತೆಗೆಯಿರಿ ಎಂದು ಕೇಳಲು ಬಾಯಿ ಬರುವುದಿಲ್ಲ. ಈಗಿನ ಬೇಟೆಗೆ ಕೋವಿಯೂ ಬೇಡ, ಕಾಯುವ ತಾಳ್ಮೆಯೂ ಬೇಡ. ಸಿಡಿಮದ್ದಿನ ಉಂಡೆ, ಬೇಲಿಗೆ ಹರಿಸಿದ ಕರೆಂಟು, ಉರುಳು. ಉರುಳಿಗೆ ಹಂದಿಯೂ ಒಂದೇ, ಚಿರತೆಯೂ ಒಂದೇ.

ಹೋದ ತಿಂಗಳು ತೋಟದಾಚೆಯ ಕಂಡಿಯಲ್ಲಿ ಒಂದು ಕಾಡುಕುರಿ ಸಿಕ್ಕಿಕೊಂಡಿತ್ತು. ಬೈಕಿನ ಕ್ಲಚ್ ತಂತಿ ಕತ್ತಿನೊಳಕ್ಕೆ ಇಳಿದು ಕಾಣದಾಗಿತ್ತು. ಗೂಟದ ಸುತ್ತ ತರಗೆಲೆ ಒಂದೂ ಉಳಿಯದೆ ಗಾಣದ ಸುತ್ತಿನಂತೆ ಮಣ್ಣು ಸವೆದಿತ್ತು. ಎಷ್ಟು ಹೊತ್ತು ಸುತ್ತಿತೋ. ಮೈ ಇನ್ನೂ ಬೆಚ್ಚಗಿತ್ತು.

ಅರಣ್ಯ ಇಲಾಖೆಯ ಗಾರ್ಡ್‌ಗೆ ಫೋನ್ ಮಾಡಿದೆ. ಬಯಲುಸೀಮೆಯಿಂದ ಬಂದ ಹುಡುಗ, ಒಳ್ಳೆಯವನು, ಆದರೆ ಪ್ರಾಣಿಯ ಜಾಡು ಅವನ ಕಣ್ಣಿಗೆ ಬೀಳುವುದಿಲ್ಲ. ಇಲಾಖೆ ನಮ್ಮಂಥ ಮುದಿ ಈಡುಗಾರರನ್ನು ಊರಿಗೊಬ್ಬರಂತೆ ಜೊತೆಗೆ ಕರೆದುಕೊಂಡರೆ ಏನು ಗಂಟು ಹೋಗುತ್ತದೆ? ಉರುಳು ಎಲ್ಲಿ ಒಡ್ಡುತ್ತಾರೆಂದು ನಮಗೆ ಗೊತ್ತು. ಒಡ್ಡುವವರಿಗೆ ಆ ದಾರಿಗಳನ್ನು ತೋರಿಸಿದವರಲ್ಲಿ ನಾವೂ ಇದ್ದೇವೆ.

ಮರುದಿನ ಇಬ್ಬರೂ ಹಳ್ಳದ ಗುಂಟ ನಡೆದೆವು. ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಉರುಳು ಬಿಚ್ಚಿದೆವು. ಐದನೆಯ ಕಡೆ ಬರೀ ಗೂಟವಿತ್ತು, ತಂತಿ ಇರಲಿಲ್ಲ.