ಮುನ್ನೋಟದಲ್ಲಿ ಕಾಣುವುದು ಯಾರ ದತ್ತಾಂಶ?

ಸಂಖ್ಯಾಶಾಸ್ತ್ರದ ತಂತ್ರಾಂಶಗಳ ನಮ್ಮ ಆಯ್ಕೆಗಳನ್ನು ಕೇಳುವ ಅನೇಕ ಡೈಲಾಗ್ ಬಾಕ್ಸ್‌ಗಳಲ್ಲಿ ಪುಟ್ಟದೊಂದು ಮುನ್ನೋಟದ (ಪ್ರಿವ್ಯೂ) ಕಿಟಕಿ ಇರುತ್ತದೆ. ಓಕೆ ಒತ್ತುವ ಮುನ್ನ ನಾವು ಕೊನೆಯದಾಗಿ ಕಣ್ಣಾಡಿಸುವುದು ಅಲ್ಲಿಯೇ. ನಮ್ಮ ಆಯ್ಕೆಯಿಂದ ನಮ್ಮದೇ ದತ್ತಾಂಶಕ್ಕೆ ಏನಾಗಲಿದೆ, ಅದರಲ್ಲೂ ಎಲ್ಲಿ ಕೆಡಲಿದೆ ಎಂಬುದನ್ನು ಆ ಕಿಟಕಿ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಎಸ್‌ಪಿಎಸ್‌ಎಸ್ ಎಂಬ ತಂತ್ರಾಂಶದಲ್ಲಿ ನಕ್ಷೆ ರಚಿಸುವ ಚಾರ್ಟ್ ಬಿಲ್ಡರ್ ತನ್ನ ಮುನ್ನೋಟವನ್ನು ಬಿಡಿಸುವುದು ಉದಾಹರಣೆಯ ದತ್ತಾಂಶದಿಂದ. ಹಾಗೆಂದು ಅಲ್ಲೇ ತಿಳಿಸಿಯೂ ಇರುತ್ತದೆ. ಕಡತ ಎಷ್ಟೇ ದೊಡ್ಡದಿದ್ದರೂ ಚಿತ್ರ ಥಟ್ಟನೆ ಮೂಡುತ್ತದೆ ಎನ್ನುವುದು ಈ ವಿಧಾನದ ಅನುಕೂಲ. ಆದರೆ 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ಮುಂದಿಟ್ಟ ನಾಲ್ಕು ದತ್ತಾಂಶಗಳನ್ನು ನೆನಪಿಸಿಕೊಳ್ಳಿ. ಪ್ರತಿಯೊಂದರಲ್ಲೂ 11 ಬಿಂದುಗಳು, ಎಕ್ಸ್‌ನ ಸರಾಸರಿ 9, ವೈನ ಸರಾಸರಿ ಸುಮಾರು 7.5, ಸಹಸಂಬಂಧ (ಎರಡರ ನಡುವಿನ ನಂಟು ಎಷ್ಟು ಬಲವಾದದ್ದು ಎಂಬ ಅಳತೆ) ಸುಮಾರು 0.816. ನಕ್ಷೆಯಲ್ಲಿ ಬಿಡಿಸಿದಾಗ ಮಾತ್ರ ಒಂದು ಬಾಗಿದ ರೇಖೆಯೆಂದೂ, ಇನ್ನೊಂದರಲ್ಲಿ ಒಂದೇ ಬಿಂದು ಇಡೀ ರೇಖೆಯನ್ನು ತನ್ನತ್ತ ಎಳೆದಿದೆಯೆಂದೂ ತಿಳಿಯುತ್ತದೆ. ಉದಾಹರಣೆಯ ದತ್ತಾಂಶದ ಮುನ್ನೋಟದಲ್ಲಿ ಈ ನಾಲ್ಕೂ ಒಂದೇ ಚಿತ್ರವಾಗಿ ಕಾಣುತ್ತವೆ. ನಕ್ಷೆ ಬೇಕಾದದ್ದೇ ಯಾವ ಕಾರಣಕ್ಕೋ ಆ ಕಾರಣವೇ ಅಲ್ಲಿ ಇಲ್ಲವಾಗುತ್ತದೆ.

ಕಡತವನ್ನು ಒಳತರುವ ಡೈಲಾಗ್‌ಗಳಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ನಮ್ಮದೇ ಸಾಲುಗಳು ಕಾಣುತ್ತವೆ, ಆದರೆ ಸಾಮಾನ್ಯವಾಗಿ ಮೊದಲಿನವು ಮಾತ್ರ. ಆರ್ ಭಾಷೆಯಲ್ಲಿ ಕೆಲಸ ಮಾಡಲು ಬಳಸುವ ಆರ್‌ಸ್ಟುಡಿಯೊದಲ್ಲಿ ಮೊದಲ 50. ದಿನಾಂಕದ ಕಾಲಂ ಒಂದರಲ್ಲಿ 04/05, 07/03 ಎಂಬಂಥವೇ ಮೊದಲಿಗೆ ಬಂದರೆ ಮೊದಲ ಅಂಕಿ ದಿನವೋ ತಿಂಗಳೋ ಹೇಳಲಾಗದು. ಅದನ್ನು ಇತ್ಯರ್ಥಪಡಿಸುವುದು ಎಲ್ಲೋ ಕೆಳಗಿರುವ 25/03. ಒಮ್ಮೆ ಇಂಥದೇ ಕಡತವನ್ನು ನಾನು ಮುನ್ನೋಟ ನೋಡಿ ಒಪ್ಪಿದೆ. ತಂತ್ರಾಂಶ ಮೊದಲ ಅಂಕಿಯನ್ನು ತಿಂಗಳೆಂದು ಓದಿ, 12ನ್ನು ಮೀರಿದ ದಿನಗಳನ್ನೆಲ್ಲ ಸದ್ದಿಲ್ಲದೆ ಖಾಲಿ ಬಿಟ್ಟಿತ್ತು. ಉಳಿದವು ತಪ್ಪು ತಿಂಗಳಿಗೆ ಹೋಗಿ ಕುಳಿತಿದ್ದವು, ಅದು ಇನ್ನೂ ಕೆಟ್ಟದ್ದು, ಏಕೆಂದರೆ ಖಾಲಿ ಜಾಗವಾದರೂ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಮುನ್ನೋಟ ಮೊದಲ ಸಾಲುಗಳ ಬದಲು ತಾನು ಓದಲು ತಡವರಿಸಿದ ಸಾಲುಗಳನ್ನೇ ಮೇಲಕ್ಕೆ ತರಬೇಕು, ಅವೆಷ್ಟು ಎಂಬ ಲೆಕ್ಕವನ್ನೂ ಕೆಳಗೆ ಕೊಡಬೇಕು. ವಯಸ್ಸಿನ ಕಾಲಂನಲ್ಲಿ ಉತ್ತರ ಸಿಗದವರಿಗೆ ತುಂಬಿದ 999 ಸಹ ಹೀಗೆಯೇ ಮೊದಲು ಕಾಣಬೇಕಾದ ಅಂಕಿ.

ವೇಗದ ಪ್ರಶ್ನೆ ಇದ್ದೇ ಇದೆ. ಸುಮಾರು 0.1 ಸೆಕೆಂಡಿನೊಳಗೆ ಬಂದ ಪ್ರತಿಕ್ರಿಯೆ ತಕ್ಷಣದ್ದೆನಿಸುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಅಳತೆ. ಹತ್ತು ಲಕ್ಷ ಬಿಂದುಗಳನ್ನು ಅಷ್ಟರಲ್ಲಿ ಬಿಡಿಸುವುದು ಕಷ್ಟ. ಹಾಗಿದ್ದಾಗ ಕೆಲವು ಸಾವಿರ ಬಿಂದುಗಳನ್ನು ಯಾದೃಚ್ಛಿಕವಾಗಿ ಆರಿಸಿ ಬಿಡಿಸಲಿ, ಆದರೆ ಅತಿ ಚಿಕ್ಕ ಮತ್ತು ಅತಿ ದೊಡ್ಡ ಬೆಲೆಗಳನ್ನು ಕೈಬಿಡದಿರಲಿ, ಮತ್ತು ಇದು ಮಾದರಿಯಷ್ಟೇ ಎಂದು ಬರೆದಿರಲಿ.

ಇಷ್ಟೆಲ್ಲ ತೋರಿಸಿ ಎನ್ನುವ ನಾನೇ ಒಂದನ್ನು ಮಾತ್ರ ಮುಚ್ಚಿಡಿ ಎನ್ನುತ್ತೇನೆ: ಪಿ-ಮೌಲ್ಯ, ಅಂದರೆ ನಿಜವಾದ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ. ಜಮೋವಿಯಂಥ ತಂತ್ರಾಂಶಗಳಲ್ಲಿ ಒಂದು ಗುರುತು ಹಾಕಿದೊಡನೆ ಫಲಿತಾಂಶ ಬದಲಾಗುತ್ತದೆ. ಕಲಿಯುವವರಿಗೆ ಅದು ವರವೇ ಸರಿ. ಆದರೆ ಆಯ್ಕೆಗಳನ್ನು ಒಂದೊಂದಾಗಿ ಬದಲಿಸುತ್ತ ಸಂಖ್ಯೆ ವಾಡಿಕೆಯ ಗಡಿಯಾದ 0.05ಕ್ಕಿಂತ ಕೆಳಗಿಳಿದಲ್ಲಿ ಕೈ ನಿಲ್ಲಿಸುವುದು ಆಗ ತೀರ ಸುಲಭವಾಗುತ್ತದೆ, ಹಾಗೆ ಮಾಡುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳ ಡೈಲಾಗ್‌ನ ಮುನ್ನೋಟ ಗುಂಪುಗಳ ಗಾತ್ರ, ಹಂಚಿಕೆಯ ಆಕಾರ, ಕೈಬಿಡಲಿರುವ ಸಾಲುಗಳ ಸಂಖ್ಯೆ ಇಷ್ಟನ್ನು ತೋರಿಸಿದರೆ ಸಾಕು.

ಚಿತ್ರದ ಪಕ್ಕದಲ್ಲೇ ನಮ್ಮ ಆಯ್ಕೆಗಳನ್ನು ತಂತ್ರಾಂಶಕ್ಕೆ ತಿಳಿಸುವ ಆದೇಶದ ಸಾಲುಗಳೂ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಆರ್‌ಸ್ಟುಡಿಯೊದ ಕಡತ ಒಳತರುವ ಡೈಲಾಗ್‌ನಲ್ಲಿ ಇದಿದೆ; ಎಸ್‌ಪಿಎಸ್‌ಎಸ್‌ನಲ್ಲಿ ಪೇಸ್ಟ್ ಗುಂಡಿ ಒತ್ತಿದರೆ ಸಿಂಟ್ಯಾಕ್ಸ್, ಅಂದರೆ ಇಂಥದೇ ಆದೇಶದ ಸಾಲುಗಳು, ಸಿಗುತ್ತದೆ. ಮೂರು ತಿಂಗಳ ಬಳಿಕ ಆ ದಿನಾಂಕವನ್ನು ಹೇಗೆ ಓದಿಸಿದ್ದಿರಿ ಎಂದು ಯಾರಾದರೂ ಕೇಳಿದರೆ, ಮುಚ್ಚಿಹೋದ ಕಿಟಕಿಯನ್ನು ತೋರಿಸಲಾಗದು, ಆ ಸಾಲನ್ನು ತೋರಿಸಬಹುದು.