ಒಂದು ಸೆಕೆಂಡಿನ ಸ್ಕ್ಯಾನ್

ನಾನು ಸರ್ವರ್ ವಿಷಯ ತೆಗೆದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಮೆಲ್ಲಗೆ ಮುಂದಕ್ಕೆ ಸರಿಯುತ್ತೀರಿ ಅಂತ ಗೊತ್ತು. ಸರಿಯಿರಿ, ಬೇಜಾರಿಲ್ಲ. ಆದರೆ ನಿನ್ನೆ ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಇವತ್ತೂ ನಿದ್ದೆ ಹತ್ತೋದಿಲ್ಲ.

ಪರಿಚಯದವರ ಒಂದು ಲಿನಕ್ಸ್ ಸರ್ವರ್. ಡಿಸ್ಕ್ ತುಂಬಿಹೋಗಿದೆ, ಒಂದ್ಸಲ ನೋಡಿ ಮೇಡಂ ಅಂತ ಅದನ್ನು ನೋಡಿಕೊಳ್ಳುವ ಹುಡುಗ ಕರೆದಿದ್ದ. ಒಳ್ಳೆಯ ಹುಡುಗ, ಚುರುಕು, ಕೆಲಸಕ್ಕೆ ಹಿಂದೇಟು ಹಾಕುವವನಲ್ಲ. ಬೇಡದ ಲಾಗ್ ಫೈಲ್ ಅಳಿಸುತ್ತಾ ಸುಮ್ನೆ ಮಾತಿಗೆ ಅಂತ ಕೇಳಿದೆ. "ಇದರಲ್ಲಿ ಆಂಟಿವೈರಸ್ ಇದೆಯಾ?"

"ಇದೆ ಮೇಡಂ. ಎರಡು ವರ್ಷ ಆಯ್ತು ಹಾಕಿ. ದಿನಾ ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಆಗುತ್ತೆ, ಬೆಳಿಗ್ಗೆ ಮೇಲ್ ಬರುತ್ತೆ." ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಮೇಲ್ ಫೋಲ್ಡರ್ ತೆಗೆದು ತೋರಿಸಿದ. 700ಕ್ಕೂ ಹೆಚ್ಚು ಮೇಲ್, ಎಲ್ಲದರ ತಲೆಬರಹವೂ ಒಂದೇ: ಸ್ಕ್ಯಾನ್ ಮುಗಿದಿದೆ.

ಒಂದನ್ನು ತೆರೆದೆ. ಶುರು ಆದದ್ದು 2:00:00. ಮುಗಿದದ್ದು 2:00:01.

ಡಿಸ್ಕಿನಲ್ಲಿ ಇದ್ದದ್ದು 600 ಜಿಬಿ. ಅದನ್ನೆಲ್ಲ ಒಂದೇ ಸೆಕೆಂಡಿನಲ್ಲಿ ಓದಿ ಮುಗಿಸುವ ಯಂತ್ರ ಎಲ್ಲಿ ಸಿಗುತ್ತದೆ ಹೇಳಿ, ಸಾಲ ಮಾಡಿಯಾದರೂ ನಾನೂ ಒಂದು ತಗೋತೀನಿ.

ಒಳಗೆ ಹೋಗಿ ನೋಡಿದೆ. ಹಾಕಿದ್ದದ್ದು ಕ್ಲಾಮ್‌ಎವಿ. ಗೊತ್ತಿಲ್ಲದವರಿಗೆ: ಯುನಿಕ್ಸ್ ಮತ್ತು ಅದರ ಮಾದರಿಯಲ್ಲೇ ಕಟ್ಟಿದ ಲಿನಕ್ಸ್ ಥರದ ಸಿಸ್ಟಮ್‌ಗಳಲ್ಲಿ ಉಚಿತವಾಗಿ ಸಿಗುವ ಆಂಟಿವೈರಸ್ ಅಂದರೆ ಹೆಚ್ಚಿನವರು ಹಾಕೋದು ಇದನ್ನೇ, ಮೇಲ್ ಸರ್ವರ್‌ಗಳಲ್ಲಂತೂ ಜಾಸ್ತಿ. ಇದು ಒಂದೇ ಪ್ರೋಗ್ರಾಮ್ ಅಲ್ಲ. ಫ್ರೆಶ್‌ಕ್ಲಾಮ್ ಅನ್ನೋದು ವೈರಸ್ ಗುರುತುಗಳ ಪಟ್ಟಿಯನ್ನು ಇಳಿಸಿಕೊಂಡು ಬರುತ್ತದೆ. ಕ್ಲಾಮ್‌ಸ್ಕ್ಯಾನ್ ಆ ಪಟ್ಟಿ ಹಿಡಿದು ಫೈಲ್ ಹುಡುಕುತ್ತದೆ. ಕ್ಲಾಮ್‌ಡಿ ಅನ್ನೋದು ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಕೇಳಿದವರಿಗೆ ಉತ್ತರ ಹೇಳುತ್ತಾ ಕೂತಿರುತ್ತದೆ. ಪಟ್ಟಿ ಇಲ್ಲದಿದ್ದರೆ ಉಳಿದವೆರಡೂ ಕಣ್ಣು ಕಟ್ಟಿದ ಕಾವಲುಗಾರರು.

ಇಲ್ಲಿ ಪಟ್ಟಿಯೇ ಇರಲಿಲ್ಲ. ಹಳೆಯದಾಗಿತ್ತು ಅಂತ ಅಲ್ಲ, ಒಂದು ದಿನವೂ ಬಂದೇ ಇರಲಿಲ್ಲ. ಪಟ್ಟಿ ಇರಬೇಕಾದ ಡೈರೆಕ್ಟರಿ ಖಾಲಿ.

ಕಾರಣ ಹೇಳಿದರೆ ನಗ್ತೀರಿ. ಸೋರ್ಸ್‌ನಿಂದ, ಅಂದರೆ ಮೂಲ ಕೋಡ್‌ನಿಂದ, ಕಟ್ಟಿ ಹಾಕಿದಾಗ ಫ್ರೆಶ್‌ಕ್ಲಾಮ್ ಜೊತೆ ಒಂದು ಮಾದರಿ ಕಾನ್ಫಿಗ್ ಫೈಲ್, ಅಂದರೆ ಸೆಟ್ಟಿಂಗ್ಸ್ ಬರೆದಿಡುವ ಫೈಲ್, ಬರುತ್ತದೆ. ಅದರ ಮೇಲ್ಭಾಗದಲ್ಲಿ ಎಕ್ಸಾಂಪಲ್ ಅನ್ನೋ ಒಂದೇ ಪದ ಒಂದು ಸಾಲಿನಲ್ಲಿ ಒಂಟಿಯಾಗಿ ನಿಂತಿರುತ್ತದೆ. ಅದನ್ನು ಅಳಿಸಬೇಕು, ಇಲ್ಲವೇ ಮುಂದೆ ಒಂದು ಹ್ಯಾಶ್ (#) ಹಾಕಿ ಆ ಸಾಲನ್ನು ಲೆಕ್ಕಕ್ಕಿಲ್ಲದಂತೆ ಮಾಡಬೇಕು. ಅಲ್ಲಿವರೆಗೆ ಫ್ರೆಶ್‌ಕ್ಲಾಮ್ ಅಲ್ಲಾಡೋದಿಲ್ಲ. ಬರೆದವರು ಬೇಕಂತಲೇ ಹಾಗೆ ಇಟ್ಟಿದ್ದಾರೆ. ಫೈಲನ್ನು ಒಮ್ಮೆ ಕಣ್ಣಿಟ್ಟು ಓದಲಿ ಅಂತ. ಓದಲಿಲ್ಲ. ಹೆಸರು ಬದಲಿಸಿ ಜಾಗಕ್ಕೆ ಹಾಕಿದ್ದಾರೆ, ಅಷ್ಟೆ.

ಸರಿ, ಪಟ್ಟಿ ಇಲ್ಲದೆ ಕ್ಲಾಮ್‌ಸ್ಕ್ಯಾನ್ ಏನು ಮಾಡಿತು? ಪಾಪ, ಅದು ಪ್ರಾಮಾಣಿಕ. ಎರಡು ವರ್ಷ, ಪ್ರತಿ ರಾತ್ರಿ ಎರಡು ಗಂಟೆಗೆ ಎದ್ದು "ನನ್ನ ಹತ್ತಿರ ಡೇಟಾಬೇಸ್ ಇಲ್ಲ" ಅಂತ ಕೂಗಿದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಆ ಕೂಗನ್ನೆಲ್ಲ ಡೆವ್ ನಲ್‌ಗೆ, ಅಂದರೆ ಹಾಕಿದ್ದೆಲ್ಲ ಮಾಯವಾಗುವ ಕಸದ ಗುಂಡಿಗೆ, ಸುರಿಯುವಂತೆ ಬರೆದಿದ್ದರು. ಮರುಸಾಲಿನಲ್ಲಿ, ಏನೇ ಆಗಿರಲಿ, "ಸ್ಕ್ಯಾನ್ ಮುಗಿದಿದೆ" ಅಂತ ಮೇಲ್ ಕಳಿಸು. ಮುಗಿದದ್ದೇನೋ ನಿಜ. ಶುರುವಾಗದ್ದೂ ಒಂದು ಲೆಕ್ಕದಲ್ಲಿ ಮುಗಿದಂತೆಯೇ ಅಲ್ವಾ?

ಕ್ಲಾಮ್‌ಸ್ಕ್ಯಾನ್ ಹೊರಗೆ ಬರುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ. 0 ಅಂದರೆ ಏನೂ ಸಿಗಲಿಲ್ಲ, 1 ಅಂದರೆ ಸಿಕ್ಕಿತು, 2 ಅಂದರೆ ನನ್ನಿಂದ ಕೆಲಸ ಆಗಲಿಲ್ಲ. ಮೂರೇ ಮೂರು ಉತ್ತರ. ಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಸಾಲು ಬರೆದು ಇದನ್ನು ಕೇಳಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕೇಳಲಿಲ್ಲ.

ನನಗೆ ಸಿಟ್ಟು ಆ ಹುಡುಗನ ಮೇಲಲ್ಲ. ಅವನು ಬಂದದ್ದು ಆಮೇಲೆ. "ಹಾಕಿದ್ದೇವೆ" ಅನ್ನೋ ಪದದ ಮೇಲೆ ಸಿಟ್ಟು. ವರ್ಷಕ್ಕೊಮ್ಮೆ ಯಾರೋ ಒಂದು ಫಾರ್ಮ್ ತರುತ್ತಾರೆ. ಎಲ್ಲ ಯಂತ್ರಗಳಲ್ಲೂ ಆಂಟಿವೈರಸ್ ಹಾಕಿದ್ದೀರಾ? ಹೌದು. ಗುರುತು ಹಾಕಿ, ಸಹಿ ಹಾಕಿ, ಮುಂದಿನ ಪ್ರಶ್ನೆ. ಅದು ಕೊನೆಯ ಸಲ ಪಟ್ಟಿ ಇಳಿಸಿಕೊಂಡದ್ದು ಯಾವತ್ತು ಅಂತ ಆ ಫಾರ್ಮ್ ಕೇಳೋದಿಲ್ಲ. ಸ್ಕ್ಯಾನ್‌ಗೆ ಎಷ್ಟು ಹೊತ್ತು ಹಿಡಿಯಿತು ಅಂತಲೂ ಕೇಳೋದಿಲ್ಲ. ಕೇಳಿದ್ದರೆ ಆ ಒಂದು ಸೆಕೆಂಡ್ ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಈಗ ಗೊತ್ತು, ಕೆಳಗೆ ಕಾಮೆಂಟಿನಲ್ಲಿ ಒಬ್ಬರಾದರೂ ಬಂದು "ಲಿನಕ್ಸ್‌ಗೆ ವೈರಸ್ ಬರೋದೇ ಇಲ್ಲ, ಇದೆಲ್ಲ ಯಾಕೆ?" ಅಂತಾರೆ. ಬನ್ನಿ, ಕೂತ್ಕೊಳ್ಳಿ.

ಫ್ರೆಡ್ ಕೋಹೆನ್ ಅನ್ನೋ ವಿದ್ಯಾರ್ಥಿ 1983ರ ನವೆಂಬರ್‌ನಲ್ಲಿ ಪ್ರಯೋಗಕ್ಕೆಂದು ವೈರಸ್ ಬರೆದು ಓಡಿಸಿ ತೋರಿಸಿದ್ದು ಯಾವುದರ ಮೇಲೆ? ಯುನಿಕ್ಸ್ ಓಡುತ್ತಿದ್ದ, ವ್ಯಾಕ್ಸ್ ಅನ್ನೋ ಒಂದು ಕಂಪ್ಯೂಟರಿನ ಮೇಲೆ. ಫೈಲುಗಳನ್ನು ಚಿತ್ರದ ಹಾಗೆ ತೋರಿಸುವ ಒಂದು ಪ್ರೋಗ್ರಾಮ್‌ನೊಳಗೆ ಅದನ್ನು ಅಡಗಿಸಿಟ್ಟಿದ್ದ. ಐದು ಸಲ ಓಡಿಸಿದ, ಐದೂ ಸಲ ಇಡೀ ಸಿಸ್ಟಮ್ ಕೈಗೆ ಬಂತು. ಒಂದು ಸಲವಂತೂ ಐದು ನಿಮಿಷವೂ ಹಿಡಿಯಲಿಲ್ಲ. ಆಗ ವಿಂಡೋಸ್ ಮಾರುಕಟ್ಟೆಗೇ ಬಂದಿರಲಿಲ್ಲ, ಅದು ಬಂದದ್ದು 1985ರಲ್ಲಿ. ಇನ್ನು 1988ರ ಮಾರಿಸ್ ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಪ್ರೋಗ್ರಾಮ್, ಹೊಕ್ಕದ್ದು ಯುನಿಕ್ಸ್ ಯಂತ್ರಗಳನ್ನೇ, ಮೇಲ್ ಸಾಗಿಸುವ ಸೆಂಡ್‌ಮೇಲ್ ಮತ್ತು ಬಳಕೆದಾರರ ವಿವರ ಹೇಳುವ ಫಿಂಗರ್ ಸೇವೆಯ ತೂತುಗಳಿಂದ. 2016ರಲ್ಲಿ ಮಿರಾಯ್ ಅನ್ನೋ ಕೆಟ್ಟ ಪ್ರೋಗ್ರಾಮ್‌ನ ಕೈಗೆ ಸಿಕ್ಕ ಕ್ಯಾಮೆರಾ, ರೌಟರ್‌ಗಳಲ್ಲಿ ಓಡುತ್ತಿದ್ದದ್ದೂ ಲಿನಕ್ಸೇ. ಆದ್ದರಿಂದ "ಬರೋದೇ ಇಲ್ಲ" ಅನ್ನೋ ಮಾತು ಬೇಡ.

ಅವರ ಮಾತಿನಲ್ಲಿ ಒಂದಿಷ್ಟು ಹುರುಳಿದೆ, ಒಪ್ಪುತ್ತೇನೆ. ಸರ್ವರ್‌ಗೆ ಕಳ್ಳ ನುಗ್ಗುವುದು ಹೆಚ್ಚಾಗಿ ಸುಲಭದ ಪಾಸ್‌ವರ್ಡ್‌ನಿಂದ, ಅಪ್‌ಡೇಟ್ ಮಾಡದೆ ಬಿಟ್ಟ ಪ್ರೋಗ್ರಾಮ್‌ನಿಂದ. ಕ್ಲಾಮ್‌ಎವಿ ಹೆಚ್ಚಾಗಿ ಹಿಡಿಯೋದು ಮೇಲ್‌ನಲ್ಲಿ, ಹಂಚಿಕೊಂಡ ಫೋಲ್ಡರ್‌ನಲ್ಲಿ ಹಾದುಹೋಗುವ ವಿಂಡೋಸ್ ಕೊಳೆಯನ್ನು. ಆಂಟಿವೈರಸ್ಸಿನಲ್ಲೇ ತೂತು ಇರಬಹುದು. 2023ರ ಫೆಬ್ರುವರಿಯಲ್ಲಿ ಕ್ಲಾಮ್‌ಎವಿಯಲ್ಲೇ ಅಂಥದ್ದೊಂದು ಸಿಕ್ಕಿತು. ಮ್ಯಾಕ್‌ನ ಹಳೆಯ ಡಿಸ್ಕ್ ನಮೂನೆಯ ಫೈಲನ್ನು ಬಿಡಿಸಿ ನೋಡುವ ಭಾಗದಲ್ಲಿ ದೋಷ, ಗಂಭೀರತೆ ಹತ್ತಕ್ಕೆ 9.8. ಕಾವಲುಗಾರನೇ ಬಾಗಿಲು. ಇದೆಲ್ಲ ನೋಡಿ "ನನಗೆ ಬೇಡ" ಅಂತ ತೀರ್ಮಾನಿಸಿದರೆ ನನ್ನದೇನೂ ತಕರಾರಿಲ್ಲ. ಹಾಕಬೇಡಿ. ಆದರೆ ಹಾಕಿಲ್ಲ ಅಂತಲೇ ಹೇಳಿ. ಹಾಕಿ, ಕಣ್ಣು ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಇದೆ ಇದೆ ಅನ್ನೋದು ಯಾವ ಸೀಮೆಯ ಭದ್ರತೆ?

ಎಕ್ಸ್‌ಝಡ್ ಕಥೆ ನೆನಪಿದೆಯಾ? 2024ರ ಮಾರ್ಚ್. ಲಿನಕ್ಸ್‌ನಲ್ಲಿ ಬಳಸುವ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನೋ ಒಂದು ಸಣ್ಣ ಲೈಬ್ರರಿಯೊಳಗೆ ಯಾರೋ ಹಿಂಬಾಗಿಲು ಕೂರಿಸಿದ್ದರು. ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಒಬ್ಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ, ಯಾಕೆ ಅಂತ ಬೆನ್ನು ಹತ್ತಿ ಹೋದ, ಸಿಕ್ಕಿಬಿತ್ತು. ಆಂಟಿವೈರಸ್ ಕೈಲಾಗದ್ದನ್ನು ಮನುಷ್ಯ ಮಾಡಿದ ಅಂತ ಬೀಗೋರು ಇದ್ದಾರೆ. ಹೌದಪ್ಪಾ. ಅಲ್ಲಿ ಒಬ್ಬ ಅರ್ಧ ಸೆಕೆಂಡಿನ ಲೆಕ್ಕ ಕೇಳಿದ. ಇಲ್ಲಿ 700 ಸಲ ಒಂದು ಸೆಕೆಂಡ್ ಕಣ್ಣೆದುರು ಹಾದುಹೋಯಿತು, ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಬೈದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಹಳಬರಿಗೆ ಗೊತ್ತು, ಹೊಸಬರಿಗೆ ಗೊತ್ತಾಗಲಿ. ಕೆಲಸಕ್ಕೆ ಸೇರಿದ ಹೊಸತು. ಮೇಲ್ ಸರ್ವರ್‌ನಲ್ಲಿ ಕ್ಲಾಮ್‌ಸ್ಕ್ಯಾನ್ ಓಡಿಸಿದೆ. ಸೋಂಕಿದ ಫೈಲ್ ಸಿಕ್ಕರೆ ಅಳಿಸಿಬಿಡು ಅನ್ನೋ ಆಯ್ಕೆಯನ್ನೂ ಕೊಟ್ಟೆ. ಎಷ್ಟು ಜಾಣೆ ನೋಡಿ. ಆ ಸರ್ವರ್‌ನಲ್ಲಿ ಒಬ್ಬೊಬ್ಬರ ಇಡೀ ಇನ್‌ಬಾಕ್ಸ್ ಒಂದೊಂದೇ ಫೈಲ್. ಎಂಬಾಕ್ಸ್ ಅಂತೀವಲ್ಲ, ಅದು. ಯಾರಿಗೋ ಬಂದಿದ್ದ ಹಳೆಯ ಕೆಟ್ಟ ಲಗತ್ತೊಂದು ಅದರೊಳಗೆ ಸಿಕ್ಕಿತು. ಕ್ಲಾಮ್‌ಸ್ಕ್ಯಾನ್‌ಗೆ ಅದು ಒಂದು ಸೋಂಕಿದ ಫೈಲ್. ನಾನು ಹೇಳಿದಂತೆಯೇ ಅಳಿಸಿತು. ಒಂದು ಲಗತ್ತಿನ ಜೊತೆ ಒಬ್ಬ ಮನುಷ್ಯನ ನಾಲ್ಕು ವರ್ಷದ ಪತ್ರಗಳೂ ಹೋದವು. ಹಿಂದಿನ ವಾರದ ಬ್ಯಾಕಪ್ ಇದ್ದದ್ದಕ್ಕೆ ಬದುಕಿದೆ. ನಡುವಿನ ಐದು ದಿನದ ಮೇಲ್ ಮಾತ್ರ ಸಿಗಲೇ ಇಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಅಳಿಸುವ ಆಯ್ಕೆ ಮುಟ್ಟಿಲ್ಲ. ಬೇರೆ ಕಡೆಗೆ ಸರಿಸಿ ಇಡು ಅಂತೀನಿ, ನಾನೇ ಹೋಗಿ ನೋಡ್ತೀನಿ. ಯಾಕೆಂದರೆ ಈ ಪ್ರೋಗ್ರಾಮ್‌ಗಳು ಸುಳ್ಳು ಕೂಗೂ ಹಾಕುತ್ತವೆ. ರೂಟ್‌ಕಿಟ್, ಅಂದರೆ ಕಳ್ಳ ತಾನು ಒಳಗಿರೋದನ್ನು ಮರೆಮಾಚಲು ಇಡುವ ಪ್ರೋಗ್ರಾಮ್, ಹುಡುಕುವ ಚೆಕ್‌ರೂಟ್‌ಕಿಟ್ 465ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ತೆರೆದಿದೆ ಅಂತ "ಇನ್‌ಫೆಕ್ಟೆಡ್" ಅನ್ನುತ್ತದೆ. ಅದು ಮೇಲ್ ಸರ್ವರ್ ತನ್ನ ಕೆಲಸಕ್ಕೆ ತೆರೆದಿಟ್ಟ ಪೋರ್ಟ್. ಇದನ್ನು ನೋಡಿ ನಡುರಾತ್ರಿ ನನ್ನನ್ನು ಎಬ್ಬಿಸಿದವರು ನಿಮ್ಮಲ್ಲೇ ಇದ್ದಾರೆ, ಹೆಸರು ಹೇಳೋದಿಲ್ಲ.

ಹೇಗೂ ಕೂತಿದ್ದೆ, ಆ ಸರ್ವರನ್ನು ನಿನ್ನೆ ಸರಿ ಮಾಡಿಯೇ ಎದ್ದೆ. ಎಕ್ಸಾಂಪಲ್ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿದೆ. ಎರಡು ವರ್ಷದ ರೋಗಕ್ಕೆ ಒಂದಕ್ಷರದ ಮದ್ದು. ಫ್ರೆಶ್‌ಕ್ಲಾಮ್ ಓಡಿಸಿದರೆ ಮೊದಲು ಬಂದದ್ದು ಎಚ್ಚರಿಕೆ: ನಿನ್ನ ಕ್ಲಾಮ್‌ಎವಿ ಹಳೆಯದಾಗಿದೆ. ಅದರ ಕೆಳಗೇ "ಗಾಬರಿ ಬೀಳಬೇಡ" ಅಂತಲೂ ಇರುತ್ತದೆ. ಬರೆದವರಿಗೆ ನಮ್ಮ ಸ್ವಭಾವ ಚೆನ್ನಾಗಿ ಗೊತ್ತು. ಹೊಸ ಆವೃತ್ತಿ ಹಾಕಿದೆ, ಪಟ್ಟಿ ಇಳಿಯಿತು, ಡೈರೆಕ್ಟರಿ ಮೊದಲ ಸಲ ತುಂಬಿತು.

ಆಮೇಲೆ ಐಕಾರ್ ಫೈಲ್. ಆಂಟಿವೈರಸ್ ಎಚ್ಚರವಾಗಿದೆಯಾ ಅಂತ ನೋಡಲೆಂದೇ ಎಲ್ಲರೂ ಒಪ್ಪಿಕೊಂಡ ಸುಳ್ಳು ವೈರಸ್ ಅದು. ಬರೀ 68 ಅಕ್ಷರ, ಯಾರಿಗೂ ತೊಂದರೆ ಮಾಡೋದಿಲ್ಲ. ಆಂಟಿವೈರಸ್ ಹಾಕಿದವರಲ್ಲಿ ಎಷ್ಟು ಜನ ಇದನ್ನು ಒಮ್ಮೆಯಾದರೂ ಇಟ್ಟು ನೋಡಿದ್ದೀರಿ? ಕೈ ಎತ್ತಿ. ನನಗೆ ಗೊತ್ತಿತ್ತು. ಅದನ್ನು ಒಂದು ಫೋಲ್ಡರಿನಲ್ಲಿ ಇಟ್ಟು ಹುಡುಕಿಸಿದೆ. ಸಿಕ್ಕಿತು. ಹೊರಗೆ ಬಂದ ಅಂಕಿ 1. ಹುಡುಗ ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದು ನೋಡಿದ. "ಎರಡು ವರ್ಷದಲ್ಲಿ ಇದು ಏನಾದ್ರೂ ಹಿಡಿದದ್ದು ಇದೇ ಮೊದಲು ಮೇಡಂ" ಅಂದ.

ಇನ್ನು ಚಿಲ್ಲರೆ ಕೆಲಸ. ಪ್ರಾಕ್ ಮತ್ತು ಸಿಸ್ ಡೈರೆಕ್ಟರಿಗಳನ್ನು ಸ್ಕ್ಯಾನ್‌ನಿಂದ ಬಿಟ್ಟೆ, ಅಲ್ಲಿರೋದು ಸಿಸ್ಟಮ್ ತನ್ನ ಸ್ಥಿತಿ ತೋರಿಸಲು ಇಟ್ಟದ್ದು, ಡಿಸ್ಕಿನ ಮೇಲಿನ ನಿಜವಾದ ಫೈಲುಗಳೇ ಅಲ್ಲ. ಕ್ಲಾಮ್‌ಡಿ ಬೇಡ ಅಂದೆ. ಪಟ್ಟಿ ಮೆಮೊರಿಗೆ ಏರಿದರೆ ಒಂದು ಜಿಬಿ ಆಸುಪಾಸು ತಿನ್ನುತ್ತದೆ, ಹೊಸ ಪಟ್ಟಿ ಬಂದಾಗ ಹಳೆಯದನ್ನೂ ಇಟ್ಟುಕೊಂಡೇ ಅದನ್ನು ಏರಿಸುತ್ತದೆ, ಆ ಹೊತ್ತಿಗೆ ಎರಡರಷ್ಟು ಬೇಕು. ಈ ಬಡ ಯಂತ್ರದಲ್ಲಿ ಇರೋ ಮೆಮೊರಿಯೇ 2 ಜಿಬಿ. ರಾತ್ರಿಯ ಸ್ಕ್ಯಾನ್ ಸಾಕು. ಡೆವ್ ನಲ್ ತೆಗೆದು ಲಾಗ್ ಫೈಲಿಗೆ ತಿರುಗಿಸಿದೆ. ಅಂಕಿ 0 ಆಗದಿದ್ದರೆ ಮೇಲ್‌ನ ತಲೆಬರಹವೇ ಬೇರೆ ಬರುವ ಹಾಗೆ ಮಾಡಿದೆ. ಒಂದು ಕಾಗದದಲ್ಲಿ ಎಲ್ಲ ಬರೆದುಕೊಟ್ಟು ಮನೆಗೆ ಬಂದೆ, ಸಿಟ್ಟಿನಲ್ಲೇ.

ಇವತ್ತು ಬೆಳಿಗ್ಗೆ ಎಂಟಕ್ಕೆ ಫೋನ್. ಅದೇ ಹುಡುಗ. ದನಿಯಲ್ಲಿ ಗಾಬರಿ.

"ಮೇಡಂ, ನೀವು ಏನೋ ಬದಲಾಯಿಸಿದ್ದರಲ್ಲ, ಅದರಿಂದ ತೊಂದರೆ ಆಗಿದೆ ಅನ್ಸುತ್ತೆ. ರಾತ್ರಿ ಎರಡಕ್ಕೆ ಶುರುವಾದ ಸ್ಕ್ಯಾನ್ ಇನ್ನೂ ಓಡ್ತಾನೇ ಇದೆ. ಮೊದಲು ಒಂದು ಸೆಕೆಂಡಲ್ಲಿ ಮುಗೀತಿತ್ತು."